ಎಡತೋಳಿನ ಕಲೆ

ಕೃಷ್ಣರಾಜಪುರದ ರೈಲು ನಿಲ್ದಾಣದ ಬಳಿಯ ತೂಗುಸೇತುವೆಯನ್ನು ದಾಟಿ, ಹಳೆಯ ಮದರಾಸು ರಸ್ತೆಯ ಗದ್ದಲವನ್ನು ಹಿಂದೆ ಬಿಟ್ಟು, ದೇವಸಂದ್ರದ ಕಡೆಗೆ ತಿರುಗುವ ಬೀದಿಗಳಲ್ಲೊಂದರಲ್ಲಿ ಆ ಮನೆಯಿದೆ. ಮನೆಯ ಹಿರಿಯರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತರಾದವರು. ಟೆಲಿಫೋನಿನ ಯಂತ್ರಗಳಿಗೆ ತಂತಿ ಬೆಸೆದ ಕೈಯಲ್ಲಿಯೇ ಅಂಗಳದಲ್ಲಿ ಒಂದು ಬೇವು, ಒಂದು ಪಾರಿಜಾತ ನೆಟ್ಟಿದ್ದಾರೆ. ಮಗ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ನೌಕರ. ಸೊಸೆ ಸಮೀಪದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಹದಿನಾಲ್ಕು ತಿಂಗಳ ಮೊಮ್ಮಗನನ್ನು ಹಗಲೆಲ್ಲ ನೋಡಿಕೊಳ್ಳುವ ಭಾರ ಅಜ್ಜಿಯದು. ಮಾಲೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಆಕೆ ಎಣ್ಣೆ ಹಚ್ಚಿ ನೀರೆರೆದ ಕೂಸುಗಳು ಎಷ್ಟೆಂದು ಆಕೆಗೇ ಲೆಕ್ಕವಿಲ್ಲ.

2024ರ ಸಂಕ್ರಾಂತಿಯ ಸಂಜೆ ಮಗುವನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಸುರಿದು ಆರತಿ ಎತ್ತಿದರು. ಮಗು ನಗುತ್ತ ಒಂದು ಕಾಸನ್ನು ಬಾಯಿಗೆ ಹಾಕಿಕೊಳ್ಳಹೋಗಿ ಅಮ್ಮನಿಂದ ಗದರಿಸಿಕೊಂಡಿತು. ಮರುದಿನ ಬೆಳಗಿನ ಜಾವಕ್ಕೆ ಮೈ ಕಾಯತೊಡಗಿತು.

ಹಬ್ಬದ ತಿರುಗಾಟ, ಥಂಡಿ ಗಾಳಿ, ಬಂದು ಹೋದವರ ನೆಗಡಿ, ಕಾರಣಗಳಿಗೇನು ಬರವೇ? ಬೀದಿಯ ಕೊನೆಯ ವೈದ್ಯರು ಎದೆ, ಗಂಟಲು ಪರೀಕ್ಷಿಸಿ ಜ್ವರದ ಔಷಧಿ ಬರೆದುಕೊಟ್ಟರು. ಆದರೆ ಜ್ವರ ಇಳಿಯಲಿಲ್ಲ. ಔಷಧಿ ಕುಡಿಸಿದ ಎರಡು ಗಂಟೆ ಸ್ವಲ್ಪ ತಗ್ಗಿದಂತೆ ತೋರಿ ಮತ್ತೆ ಏರುತ್ತಿತ್ತು. ಮೂರನೆಯ ದಿನ ಎದೆಯ ಮೇಲೆ, ಬೆನ್ನಿನ ಮೇಲೆ, ತೊಡೆಯ ಸಂದಿಯಲ್ಲಿ ದದ್ದುಗಳು ಕಂಡವು.

ಅಜ್ಜಿ ಸೆರಗಿನಿಂದ ಮಗುವಿನ ಮೈ ಮುಚ್ಚಿದಳು. "ಅಮ್ಮ ಕಣಮ್ಮ, ಇನ್ನೇನೂ ಅಲ್ಲ. ಒಗ್ಗರಣೆ ಹಾಕಬೇಡ. ಹೊರಗಿನವರು ಒಳಗೆ ಬರುವುದು ಬೇಡ. ನಿಮ್ಮ ಮಾವನವರಿಗೆ ಹೇಳಿ ಎರಡು ಗೊಂಚಲು ಬೇವಿನ ಸೊಪ್ಪು ಕೀಳಿಸು."

"ಲಸಿಕೆ ಎಲ್ಲ ಸರಿಯಾಗಿ ಹಾಕಿಸಿದ್ದೇವಲ್ಲ ಅತ್ತೆ?"

"ಹಾಕಿಸಿದ್ದರೆ ಹಗುರವಾಗಿ ಬಂದು ಹೋಗುತ್ತಾಳೆ."

ಈ ಮಾತನ್ನು ಕೇಳಿ ನಗುವವರು ನಗಬಹುದು. ಆದರೆ ಅಜ್ಜಿಯ ಬಾಲ್ಯದಲ್ಲಿ ಅಮ್ಮ ಎಂದರೆ ಕೇವಲ ದಡಾರವಾಗಿರಲಿಲ್ಲ. ಆಗ ಸಿಡುಬು ಇನ್ನೂ ಜೀವಂತವಾಗಿದ್ದ ಕಾಲ. ಭಾರತದ ನೆಲದಲ್ಲಿ ಸಿಡುಬಿನ ಕಡೆಯ ರೋಗಿ ಕಂಡದ್ದು 1975ರಲ್ಲಿ. ಆ ವೇಳೆಗೆ ಆಕೆ ಮದುವೆಯಾಗಿ ಬೆಂಗಳೂರಿಗೆ ಬಂದಿದ್ದಳು. ಅವಳ ತೋಳಿನಲ್ಲಿ ಇಂದಿಗೂ ಎರಡಾಣೆ ಬಿಲ್ಲೆಯಗಲದ ದಾಕಿನ ಗುರುತುಗಳಿವೆ. ತೋಳಿನ ಮೇಲಿನ ಅಂಥ ಗುರುತಿಗೆ ಈ ನಾಡಿನಲ್ಲಿ ಅರಮನೆಯಷ್ಟು ಹಳೆಯ ಕಥೆಯೂ ಉಂಟು. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದನೆನ್ನುವ ಚಿತ್ರವೊಂದರಲ್ಲಿ ಮೈಸೂರಿನ ರಾಣಿಯೊಬ್ಬರು ಸೆರಗು ಸರಿಸಿ ತಮ್ಮ ತೋಳನ್ನು ತೋರುತ್ತಾರೆ. ಅದು ಆಗತಾನೆ ಬಂದ ಸಿಡುಬಿನ ದಾಕನ್ನು ಪ್ರಜೆಗಳಿಗೆ ಪರಿಚಯಿಸುವ ಸನ್ನೆಯೆಂದು ಇತಿಹಾಸಕಾರರು ಅರ್ಥಮಾಡಿದ್ದಾರೆ. ಚರ್ಮದ ಮೇಲೆ ಏಳುವುದನ್ನು ಹೆದರಿ ನೋಡಿದ, ನೋಡಿ ನೆನಪಿಟ್ಟುಕೊಂಡ ಜನ ಇವರು. ಅಮ್ಮನ ಹೆಸರು ಹೇಳಿ ಮನೆಬಾಗಿಲಿಗೆ ಬೇವು ಸಿಕ್ಕಿಸುವ ಪದ್ಧತಿ ರೋಗಿಯನ್ನು ಹತ್ತು ಜನರಿಂದ ದೂರವಿಟ್ಟಿತೆಂಬುದೂ ಸುಳ್ಳಲ್ಲ. ಅಪಾಯವಿರುವುದು ಬೇವಿನ ಸೊಪ್ಪಿನಲ್ಲಲ್ಲ. ಹೆಸರಿಟ್ಟಾಯಿತು, ಇನ್ನು ಕಾಯುವುದೊಂದೇ ಉಳಿದದ್ದು ಎಂಬ ನೆಮ್ಮದಿಯಲ್ಲಿ.

ನಾಲ್ಕನೆಯ ದಿನ ಅದೇ ವೈದ್ಯರು ದದ್ದನ್ನು ನೋಡಿ, ದಡಾರವಾಗಿರಲೂಬಹುದು, ಇನ್ನಾವುದೋ ವೈರಾಣುವಾಗಿರಲೂಬಹುದು ಎಂದರು. ಆದರೆ ಹೊರಡುವಾಗ ಒಂದು ಮಾತನ್ನು ಮರೆಯದೆ ಹೇಳಿದರು: "ಐದು ದಿನ ದಾಟಿಯೂ ಜ್ವರ ನಿಲ್ಲದಿದ್ದರೆ ಮನೆಯಲ್ಲಿಟ್ಟುಕೊಳ್ಳಬೇಡಿ."

ಐದನೆಯ ದಿನ ಶನಿವಾರ. ಮಗುವಿನ ಎರಡೂ ಕಣ್ಣುಗಳು ಕೆಂಪಾಗಿದ್ದವು. ಆದರೆ ಗೀಜಿಲ್ಲ, ನೀರು ಸೋರುವುದೂ ಇಲ್ಲ. ತುಟಿಗಳು ಕುಂಕುಮ ಹಚ್ಚಿದಂತಾಗಿ ಬಿರುಕು ಬಿಟ್ಟಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅದರ ಸ್ವಭಾವವೇ ಬದಲಾಗಿತ್ತು. ಯಾರು ಎತ್ತಿಕೊಂಡರೂ ಸಮಾಧಾನವಿಲ್ಲ. ಅಜ್ಜನ ಹೆಗಲೂ ಬೇಡ, ಅಮ್ಮನ ಮಡಿಲೂ ಬೇಡ. ಜ್ವರ ಬಂದ ಮಗು ಮಂಕಾಗಿ ಮಲಗುವುದು ವಾಡಿಕೆ. ಇದು ಹಗಲೂ ರಾತ್ರಿ ರಚ್ಚೆ ಹಿಡಿದು ಅಳುತ್ತಿತ್ತು.

ದದ್ದಿನ ಬಣ್ಣದ ವಿಷಯದಲ್ಲಿ ಮನೆಯವರಿಗೆ ಒಂದು ಗೊಂದಲವಿತ್ತು. ಸೊಸೆ ಮೊಬೈಲಿನಲ್ಲಿ ಹುಡುಕಿ ನೋಡಿದ ಚಿತ್ರಗಳಲ್ಲಿ ಮಕ್ಕಳ ಮೈ ಗುಲಾಬಿಯಂತೆ ಕೆಂಪಾಗಿತ್ತು. ಅವು ಬಿಳಿಯ ಮೈಬಣ್ಣದ ಮಕ್ಕಳ ಚಿತ್ರಗಳು. ಗೋಧಿಬಣ್ಣದ, ಎಣ್ಣೆಗೆಂಪಿನ, ಕಪ್ಪು ಮೈಯ ಮೇಲೆ ಅದೇ ಕೆಂಪು ಕೆಂಪಾಗಿ ಕಾಣುವುದಿಲ್ಲ; ಕಂದಾಗಿ, ಕೆಲವೊಮ್ಮೆ ನೇರಳೆಯಾಗಿ, ಹಲವೊಮ್ಮೆ ಬರಿಯ ನೆರಳಿನಂತೆ ಕಾಣುತ್ತದೆ. ಅದನ್ನು ಕಣ್ಣಿಗಿಂತ ಬೆರಳು ಬೇಗ ಗುರುತಿಸುತ್ತದೆ. ಪುಸ್ತಕದ ಚಿತ್ರವನ್ನು ನಂಬಿ ಇದು ಅದಲ್ಲವೆಂದುಕೊಂಡವರು ಬಹಳ ಮಂದಿ ಇರಬೇಕು.

ಭಾನುವಾರ ಸಂಜೆ ಅಜ್ಜಿ ಮಗುವಿನ ಅಂಗಿ ಕಳಚಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಎಡತೋಳಿನ ಮೇಲ್ಭಾಗಕ್ಕೆ ಬಂದಾಗ ಮಗು ಕಿಟಾರನೆ ಕಿರುಚಿತು. ಆಕೆ ದೀಪದ ಹತ್ತಿರ ಸರಿದು ತೋಳನ್ನು ತಿರುಗಿಸಿದಳು. ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಚುಚ್ಚಿಸಿದ್ದ ಬಿ.ಸಿ.ಜಿ. ಸೂಜಿಯ ಕಲೆ ಅಲ್ಲಿತ್ತು. ಒಂದು ತಿಂಗಳಿಗೆ ಬೊಕ್ಕೆಯೆದ್ದು, ಒಡೆದು, ಒಣಗಿ, ಅಕ್ಕಿಕಾಳಿನಷ್ಟು ಕುಳಿಯಾಗಿ ಉಳಿದಿದ್ದ ಕಲೆ ಅದು. ಸ್ನಾನ ಮಾಡಿಸುವಾಗಲೆಲ್ಲ ಆಕೆಯ ಹೆಬ್ಬೆರಳು ಅದರ ಮೇಲೆ ಹಾದುಹೋಗುತ್ತಿತ್ತು. ಈಗ ಅದು ಉಬ್ಬಿ, ಸುತ್ತ ಎರಡು ಬೆರಳಗಲ ಕೆಂಪೇರಿ, ನಡುವೆ ಹಕ್ಕಳೆಗಟ್ಟಿತ್ತು.

"ಇಲ್ಲಿ ನೋಡಮ್ಮ," ಎಂದು ಸೊಸೆಯನ್ನು ಕರೆದಳು. "ಇದು ಆರಿ ವರ್ಷವಾಯಿತು. ಈಗ ಹಸೀ ಗಾಯದ ಹಾಗೆ ಕೆಂಡವಾಗಿದೆ."

"ಎಲ್ಲೋ ಉಜ್ಜಿಕೊಂಡಿದ್ದಾನೇನೋ ಅತ್ತೆ."

"ಉಜ್ಜಿದ್ದಲ್ಲ, ಒಳಗಿಂದ ಬಂದದ್ದು." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, "ಅಮ್ಮ ಬಂದರೆ ಮೈಯೆಲ್ಲ ಬರುತ್ತಾಳೆ. ಹಳೇ ಕಲೆ ಹುಡುಕಿಕೊಂಡು ಬರೋಳಲ್ಲ. ಇದು ಬೇರೆ ಏನೋ. ನಿನ್ನ ಗಂಡನಿಗೆ ಹೇಳು, ದೊಡ್ಡಾಸ್ಪತ್ರೆಗೆ ಹೋಗೋಣ" ಎಂದಳು.

ಮೂರು ದಿನ ತಾನೇ ಹಿಡಿದು ನಿಂತಿದ್ದ ಹೆಸರನ್ನು ಆಕೆ ಅಷ್ಟು ಸುಲಭವಾಗಿ ಕೈಬಿಟ್ಟದ್ದು ಸೊಸೆಗೆ ಆಶ್ಚರ್ಯವಾಯಿತು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ಅಜ್ಜಿಯ ಜಾಯಮಾನ.

ಸೋಮವಾರ ಬೆಳಿಗ್ಗೆ, ಜ್ವರದ ಏಳನೆಯ ದಿನ, ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳು ಮಗುವನ್ನು ನೋಡಿದಳು. ಕಣ್ಣು, ನಾಲಗೆ, ಕುತ್ತಿಗೆಯ ಗಂಟು, ಊದಿಕೊಂಡಿದ್ದ ಅಂಗೈ ಅಂಗಾಲು ಎಲ್ಲವನ್ನೂ ಪರೀಕ್ಷಿಸಿ ಬರೆದುಕೊಳ್ಳುತ್ತಿದ್ದಾಗ ಅಜ್ಜಿ ನಡುವೆ ಬಾಯಿ ಹಾಕಿ, "ಈ ತೋಳೊಂದು ನೋಡಿ ತಾಯಿ," ಎಂದಳು. ವೈದ್ಯೆಯ ಲೇಖನಿ ನಿಂತಿತು. ಆಕೆ ಹೋಗಿ ಹಿರಿಯ ವೈದ್ಯರನ್ನು ಕರೆತಂದಳು. ಅವರು ಕಲೆಯನ್ನು ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಜ್ವರ ಶುರುವಾಗಿ ಇವತ್ತಿಗೆ ಸರಿಯಾಗಿ ಎಷ್ಟು ದಿನ?" ಎರಡನೆಯದು: "ಅಜ್ಜಿ, ಇದನ್ನು ಮೊದಲು ನೋಡಿದವರು ಯಾರು?"

ಅವರು ಹೇಳಿದ ರೋಗದ ಹೆಸರು ಕವಾಸಾಕಿ. ಮಗನಿಗೆ ಥಟ್ಟನೆ ನೆನಪಾದದ್ದು ಮೋಟಾರ್ ಸೈಕಲ್. ಆ ಗಳಿಗೆಯಲ್ಲೂ ಅಂಥ ನೆನಪು ಬಂತಲ್ಲ ಎಂದು ಆತ ಆಮೇಲೆ ನಾಚಿಕೊಂಡನಂತೆ.

ಆ ಹೆಸರು ಒಬ್ಬ ಮಕ್ಕಳ ವೈದ್ಯರದು. 1961ರ ಜನವರಿಯಲ್ಲಿ ಟೋಕಿಯೋ ನಗರದ ಹಿರೋ ಎಂಬಲ್ಲಿನ ರೆಡ್ ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷ ಮೂರು ತಿಂಗಳ ಹುಡುಗನೊಬ್ಬ ಬಂದ. ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ದದ್ದು. ಕೊನೆಗೆ ಬೆರಳ ತುದಿಯಿಂದ ಸಿಪ್ಪೆ ಸುಲಿಯಿತು. ತೊಮಿಸಾಕು ಕವಾಸಾಕಿ ಎಂಬ ವೈದ್ಯರು ತಮಗೆ ಗೊತ್ತಿದ್ದ ಎಲ್ಲ ರೋಗಗಳನ್ನೂ ನೆನೆದು ನೋಡಿದರು, ಯಾವುದೂ ಹೊಂದಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ. ಕವಾಸಾಕಿಯವರು ದಾಖಲೆಯಲ್ಲಿ 'ರೋಗನಿರ್ಣಯ ತಿಳಿಯದು' ಎಂದು ಬರೆದರು. ವಿದ್ವಾಂಸರು ಬರೆಯಲು ಬಹಳ ಸಂಕೋಚಪಡುವ ವಾಕ್ಯ ಅದು. ಇಲ್ಲದ ಹೆಸರನ್ನು ಹಚ್ಚಿ ಕಡತ ಮುಚ್ಚಿದ್ದರೆ ಮುಂದಿನ ವರ್ಷ ಅಂಥದೇ ಎರಡನೆಯ ಮಗು ಬಂದಾಗ ಮೊದಲನೆಯದು ನೆನಪಾಗುತ್ತಿರಲಿಲ್ಲ.

1962ರಲ್ಲಿ ಅವರು ಇಂಥ ಏಳು ಮಕ್ಕಳ ವಿಷಯವನ್ನು ವೈದ್ಯರ ಸಭೆಯೊಂದರ ಮುಂದಿಟ್ಟರು. ಹಿರಿಯರು ಒಪ್ಪಲಿಲ್ಲ. ಇದು ಹೊಸ ರೋಗವಲ್ಲ, ಗೊತ್ತಿರುವ ರೋಗದ್ದೇ ಇನ್ನೊಂದು ಮುಖವೆಂದರು. ಕವಾಸಾಕಿಯವರು ವಾದಕ್ಕೆ ನಿಲ್ಲದೆ ಎಣಿಸುತ್ತ ಹೋದರು. 1967ರಲ್ಲಿ 50 ಮಕ್ಕಳ ವಿವರವನ್ನು 44 ಪುಟಗಳ ಒಂದು ಪ್ರಬಂಧವಾಗಿ ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. ದದ್ದುಗಳು ಮೈಯಲ್ಲಿ ಎಲ್ಲೆಲ್ಲಿ ಹೇಗೆ ಎದ್ದವೆಂಬುದಕ್ಕೆ ಕೈಯಿಂದ ಬಿಡಿಸಿದ ಚಿತ್ರಗಳನ್ನೂ ಸೇರಿಸಿದ್ದರು. 1974ರಲ್ಲಿ ಅದು ಇಂಗ್ಲಿಷಿನಲ್ಲಿ ಬಂದ ಮೇಲೆ ಹೊರಜಗತ್ತಿಗೆ ತಿಳಿಯಿತು.

ಮೊದಲು ಇದನ್ನು ತಾನಾಗಿ ಬಂದು ತಾನಾಗಿ ಹೋಗುವ ನಿರುಪದ್ರವಿ ಕಾಯಿಲೆಯೆಂದೇ ಬಗೆದಿದ್ದರು. ಜ್ವರ ಇಳಿದು ಆಟಕ್ಕೆ ಬಿದ್ದ ಮಕ್ಕಳಲ್ಲಿ ಕೆಲವರು ಇದ್ದಕ್ಕಿದ್ದಂತೆ ತೀರಿಕೊಂಡಾಗ ಆ ನಂಬಿಕೆ ಒಡೆಯಿತು. ಇದು ಚರ್ಮದ ರೋಗವೇ ಅಲ್ಲ. ಮೈಯ ರಕ್ತನಾಳಗಳ ಗೋಡೆಗಳಿಗೆ ಬರುವ ಉರಿಯೂತ. ಅದಕ್ಕೆ ವಿಶೇಷವಾಗಿ ತುತ್ತಾಗುವುದು ಹೃದಯಕ್ಕೇ ರಕ್ತವನ್ನುಣಿಸುವ ಎರಡು ಪುಟ್ಟ ನಾಳಗಳು. ವರ್ಷದ ಮಗುವಿನಲ್ಲಿ ಆ ನಾಳದ ಅಗಲ ಸುಮಾರು ಎರಡು ಮಿಲಿಮೀಟರು. ಗೋಡೆ ಸಡಿಲಾದರೆ ಅದು ಬುಗ್ಗೆಯಂತೆ ಉಬ್ಬುತ್ತದೆ. ಉಬ್ಬಿದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಗುವಿಗೆ ಹೃದಯಾಘಾತವಾಗುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 25 ಮಕ್ಕಳಿಗೆ ಈ ಉಬ್ಬು ಬರುತ್ತದೆ. ಜ್ವರ ಬಂದ ಹತ್ತು ದಿನಗಳೊಳಗೆ ಚಿಕಿತ್ಸೆ ದೊರೆತವರಲ್ಲಿ ಅದು ನೂರಕ್ಕೆ ಸುಮಾರು 4ಕ್ಕೆ ಇಳಿಯುತ್ತದೆ. ಹಿರಿಯ ವೈದ್ಯರು ಮೊದಲು ದಿನಗಳ ಲೆಕ್ಕ ಕೇಳಿದ್ದು ಇದಕ್ಕೇ.

ಇದನ್ನು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆಯೂ ಇಲ್ಲ. ಜ್ವರವೊಂದು, ಅದರ ಜೊತೆಗೆ ಕಣ್ಣು, ಬಾಯಿ, ದದ್ದು, ಕೈಕಾಲು, ಕತ್ತಿನ ಗಂಟು ಎಂಬ ಐದು ಲಕ್ಷಣಗಳಲ್ಲಿ ನಾಲ್ಕಾದರೂ ಇರಬೇಕೆಂಬುದು ವೈದ್ಯರ ಸೂತ್ರ. ಆದರೆ ಕೂಸುಗಳಲ್ಲಿ ರೋಗ ಸೂತ್ರಕ್ಕೆ ವಿಧೇಯವಾಗಿ ಬರುವುದಿಲ್ಲ. ಎರಡೋ ಮೂರೋ ಲಕ್ಷಣ ತೋರಿಸಿ ಮರೆಯಾಗುತ್ತದೆ. ಒಂದು ಕಂಡಾಗ ಇನ್ನೊಂದು ಮಾಸಿರುತ್ತದೆ. ಹೃದಯಕ್ಕೆ ಅಪಾಯ ಹೆಚ್ಚಾಗಿರುವುದೂ ಅಂಥ ಎಳೆಯರಿಗೇ. ಆಗ ಸೂತ್ರದ ಹೊರಗಿನ ಸಣ್ಣ ಗುರುತುಗಳಿಗೆ ಬೆಲೆ ಬರುತ್ತದೆ. ಬಿ.ಸಿ.ಜಿ. ಕಲೆ ಮತ್ತೆ ಉರಿಯುವುದು ಅಂಥದೊಂದು ಗುರುತು.

ಪ್ಯಾರಿಸಿನಲ್ಲಿ 1921ರಲ್ಲಿ ಮೊದಲ ಬಾರಿಗೆ ಮಗುವೊಂದಕ್ಕೆ ಕೊಟ್ಟ ಈ ಕ್ಷಯದ ಲಸಿಕೆ ನಮ್ಮ ನಾಡಿಗೆ ಹೊಸತೇನಲ್ಲ. ಮದರಾಸಿನ ಗಿಂಡಿಯಲ್ಲಿ 1948ರಲ್ಲಿಯೇ ಅದರ ತಯಾರಿಕೆ ಆರಂಭವಾಯಿತು. ಕ್ಷಯವನ್ನು ಕುರಿತು ದೇಶಕ್ಕೆ ದಾರಿ ತೋರಿಸಲೆಂದು 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಗೆ ಬೆಂಗಳೂರೇ ನೆಲೆಯಾಯಿತು. ಇಂದು ಎಡತೋಳಿನಲ್ಲಿ ಆ ಕಲೆಯಿಲ್ಲದ ಮಗು ಈ ಊರಿನಲ್ಲಿ ಅಪರೂಪ. ಜಪಾನಿನಲ್ಲಿ ಅದನ್ನು ಒಂಬತ್ತು ಸೂಜಿಗಳ ಅಚ್ಚನ್ನು ಎರಡು ಬಾರಿ ಒತ್ತಿ ಹಾಕುತ್ತಾರೆ. ಆದ್ದರಿಂದ ಅಲ್ಲಿ ರೋಗ ಬಂದ ಮಗುವಿನ ತೋಳಿನಲ್ಲಿ ಹದಿನೆಂಟು ಚುಕ್ಕಿಗಳು ರಂಗೋಲಿಯಿಟ್ಟಂತೆ ಒಟ್ಟಿಗೆ ಕೆಂಪೇರುತ್ತವೆ. ಲಸಿಕೆ ಪಡೆದಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಈ ಗುರುತು ಕಂಡಿತೆಂದು ಅಲ್ಲಿನ ಲೆಕ್ಕ ಹೇಳುತ್ತದೆ. 2020ರಲ್ಲಿ ಪರಿಷ್ಕರಿಸಿದ ಜಪಾನೀ ಸೂತ್ರ ಇದನ್ನು ದದ್ದಿನ ಲಕ್ಷಣದೊಳಗೇ ಸೇರಿಸಿಕೊಂಡಿತು. ಹುಟ್ಟಿದಾಗಲೇ ಲಸಿಕೆ ಹಾಕುವ ಭಾರತದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಕಂಡರೂ ಅಂಗಿಯ ತೋಳಿನೊಳಗೆ ಅಡಗಿರುತ್ತದೆ. ಹಳೆಯ ಕಲೆಯೇ ಏಕೆ ಉರಿಯಬೇಕು? ಲಸಿಕೆಯ ಜೀವಾಣುವನ್ನು ಗುರುತಿಡಲು ಮೈ ಕಲಿತ ಪಾಠ, ತನ್ನದೇ ಜೀವಕೋಶದ ಅಂಥದೊಂದು ಪದಾರ್ಥವನ್ನು ಕಂಡು ಮೋಸಹೋಗುತ್ತದೆಂಬುದು ವಿಜ್ಞಾನಿಗಳ ಊಹೆ. ರೋಗದ ಮೂಲಕಾರಣವೇ ಇಂದಿಗೂ ಪತ್ತೆಯಾಗಿಲ್ಲ. 95 ವರ್ಷ ಬದುಕಿ 2020ರ ಜೂನಿನಲ್ಲಿ ಕಣ್ಮುಚ್ಚಿದ ಕವಾಸಾಕಿಯವರು ಅದನ್ನು ಕಾಣಲಿಲ್ಲ. ಅದೇ ವರ್ಷ ಕೊರೋನಾ ಬಂದು ಹೋದ ಕೆಲವಾರಗಳಿಗೆ ಕೆಲವು ಮಕ್ಕಳಲ್ಲಿ ಇದನ್ನೇ ಹೋಲುವ ಜ್ವರ ಕಾಣಿಸಿಕೊಂಡು ಅವರ ಹೆಸರು ಮತ್ತೆ ಲೋಕದ ಬಾಯಲ್ಲಿತ್ತು.

ಔಷಧಿಯ ಚೀಟಿಯನ್ನು ಮಗ ಔಷಧಿ ಅಂಗಡಿಯ ಕಿಟಕಿಗೆ ಕೊಟ್ಟು ಬೆಲೆ ಕೇಳಿ ಒಂದು ನಿಮಿಷ ಸುಮ್ಮನೆ ನಿಂತ. ಅದು ಕಾರ್ಖಾನೆಯಲ್ಲಿ ರಾಸಾಯನಿಕದಿಂದ ಮಾಡುವ ಮದ್ದಲ್ಲ. ಸಾವಿರಕ್ಕೂ ಮಿಕ್ಕ ಜನ ದಾನ ಮಾಡಿದ ರಕ್ತದ ದ್ರವದಿಂದ ಬೇರ್ಪಡಿಸಿ ತೆಗೆದ ಪ್ರತಿಕಾಯಗಳ ಸಾರ. ಮಗುವಿನ ತೂಕದ ಪ್ರತಿ ಕಿಲೋವಿಗೆ 2 ಗ್ರಾಂ ಬೇಕು; ಹತ್ತು ಕಿಲೋ ತೂಗುವ ಈ ಮಗುವಿಗೆ 20 ಗ್ರಾಂ. ಬೆಲೆ ಒಬ್ಬ ಗುಮಾಸ್ತೆಯ ಒಂದು ತಿಂಗಳ ಸಂಬಳವನ್ನು ಸುಲಭವಾಗಿ ಮೀರುತ್ತದೆ. ಹಿರಿಯರು ಹೆಚ್ಚು ಮಾತನಾಡಲಿಲ್ಲ. ಮೆಟ್ರೋ ಹಿಡಿದು ಊರಿಗೆ ಹೋಗಿ, ಅಂಚೆ ಕಚೇರಿಯಲ್ಲಿದ್ದ ಠೇವಣಿಯೊಂದನ್ನು ಅವಧಿಗೆ ಮುನ್ನವೇ ಮುರಿಸಿ, ಸಂಜೆಯೊಳಗೆ ಹಿಂದಿರುಗಿದರು. "ಯಾರ ರಕ್ತವೋ, ಯಾವ ಊರಿನವರೋ," ಎಂದಷ್ಟೇ ಅಜ್ಜಿ ಆ ಸೀಸೆಗಳನ್ನು ನೋಡಿ ಹೇಳಿದಳು.

ಹನಿಹನಿಯಾಗಿ ಅದು ಮಗುವಿನ ನಾಳಕ್ಕೆ ಇಳಿಯಲು ಹನ್ನೆರಡು ಗಂಟೆ ಹಿಡಿಯಿತು. ಆ ರಾತ್ರಿ ಸೊಸೆ ಮಲಗಲಿಲ್ಲ.

ಪಕ್ಕದ ಮಂಚದಲ್ಲಿ ಹೊಸಕೋಟೆಯ ಕಡೆಯ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ಮೊಣಕಾಲಿನ ಕೆಳಗೆ, ಪೃಷ್ಠದ ಮೇಲೆ, ನೇರಳೆಹಣ್ಣು ಹಿಸುಕಿ ಚೆಲ್ಲಿದಂಥ ಕಲೆಗಳು. ಕೈಯಾಡಿಸಿದರೆ ಬೆರಳಿಗೆ ತಟ್ಟುವಂತೆ ಉಬ್ಬಿದ್ದವು. ಗಾಜಿನ ಲೋಟದ ತಳವನ್ನಿಟ್ಟು ಒತ್ತಿದರೂ ಬಣ್ಣ ಮಾಸುತ್ತಿರಲಿಲ್ಲ. ಶಾಲೆಯಲ್ಲಿ ಯಾರೋ ಹೊಡೆದಿದ್ದಾರೆಂದು ಅವಳ ತಂದೆ ಜಗಳಕ್ಕೆ ಹೋಗಿದ್ದರಂತೆ! ಆಮೇಲೆ ಹೊಟ್ಟೆನೋವು ಬಂತು, ಗಿಣ್ಣುಗಳು ಊದಿಕೊಂಡವು. ಇದೂ ರಕ್ತನಾಳಗಳ ಉರಿಯೂತವೇ, ಆದರೆ ಅತಿ ಸಣ್ಣ ನಾಳಗಳದು. ಲಂಡನ್ನಿನ ಹೆಬರ್ಡನ್ ಎಂಬ ವೈದ್ಯರ 1802ರ ಗ್ರಂಥದಲ್ಲಿ ಐದು ವರ್ಷದ ಹುಡುಗನೊಬ್ಬನಲ್ಲಿ ಇದೇ ಚಿತ್ರ ಸಿಗುತ್ತದೆ. ಬಹುಕಾಲ ಹೆನೋಕ್, ಶೋನ್‌ಲೈನ್ ಎಂಬ ಇಬ್ಬರು ಜರ್ಮನ್ ವೈದ್ಯರ ಹೆಸರಿನಿಂದ ಕರೆಯುತ್ತಿದ್ದರು. ಇದು ಹೃದಯದ ಗೊಡವೆಗೆ ಹೋಗುವುದಿಲ್ಲ, ಹೋಗುವುದಾದರೆ ಮೂತ್ರಪಿಂಡಕ್ಕೆ. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣಹೊಂದುತ್ತಾರೆ, ಆದರೆ ಕಲೆ ಮಾಸಿದ ಮೇಲೂ ಆರು ತಿಂಗಳಾದರೂ ಮೂತ್ರದ ಪರೀಕ್ಷೆ ತಪ್ಪಿಸುವಂತಿಲ್ಲ. "ನಮ್ಮದು ಕಾಲಲ್ಲಿ ಬಂತು, ನಿಮ್ಮದು ತೋಳಲ್ಲಿ," ಎಂದಳು ಆ ಹುಡುಗಿಯ ತಾಯಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡುತ್ತ. ಆಸ್ಪತ್ರೆಯ ರಾತ್ರಿಗಳಲ್ಲಿ ಬೆಳೆಯುವ ಸ್ನೇಹಗಳು ಊರಿಗೆ ಮರಳಿದ ಮೇಲೆ ಬಾಳುವುದು ಕಡಿಮೆ. ಆದರೆ ಆ ಕಾಫಿಯ ರುಚಿಯನ್ನು ಸೊಸೆ ಈಗಲೂ ನೆನೆಯುತ್ತಾಳೆ.

ಬೆಳಗಾಗುವ ವೇಳೆಗೆ ಮಗುವಿನ ಹಣೆ ತಣ್ಣಗಿತ್ತು. ಎಂಟು ದಿನಗಳಲ್ಲಿ ಮೊದಲ ಬಾರಿಗೆ ಅದು ಅಜ್ಜಿಯ ಮೂಗುತಿಯನ್ನು ಹಿಡಿದೆಳೆಯಿತು.

ಆದರೆ ಹೃದಯದ ಪ್ರತಿಧ್ವನಿ ಚಿತ್ರ ಅಷ್ಟು ಸುಲಭವಾಗಿ ನೆಮ್ಮದಿ ಕೊಡಲಿಲ್ಲ. ಎಡಗಡೆಯ ನಾಳ ಇರಬೇಕಾದ್ದಕ್ಕಿಂತ ತುಸು ಹಿಗ್ಗಿದೆ ಎಂದರು. ಕೂದಲೆಳೆಯಷ್ಟರ ವ್ಯತ್ಯಾಸ. ಅದು ಕುಗ್ಗುವುದೋ ಹಿಗ್ಗುವುದೋ ಎಂಬುದನ್ನು ಎರಡನೆಯ ವಾರದ, ಆರನೆಯ ವಾರದ ಚಿತ್ರಗಳೇ ಹೇಳಬೇಕು. ಅಲ್ಲಿಯವರೆಗೆ ದಿನವೂ ಆಸ್ಪಿರಿನ್ನಿನ ಒಂದು ಸಣ್ಣ ಚೂರನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಅಕ್ಕಪಕ್ಕದಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಕೂಡಲೇ ತಿಳಿಸಬೇಕು, ಆ ಸೋಂಕೂ ಆಸ್ಪಿರಿನ್ನೂ ಮಕ್ಕಳಲ್ಲಿ ಸೇರಬಾರದು. ತಾಯಿ ಕಾರ್ಡಿನಲ್ಲಿ ಮುಂದೆ ಬರಲಿದ್ದ ದಡಾರದ ಎರಡನೆಯ ಲಸಿಕೆಯ ಜಾಗದಲ್ಲಿ ವೈದ್ಯೆ ಕೆಂಪು ಶಾಯಿಯಿಂದ ಹನ್ನೊಂದು ತಿಂಗಳು ಮುಂದೂಡುವಂತೆ ಬರೆದಳು; ಈಗ ಪರರಿಂದ ಬಂದ ಪ್ರತಿಕಾಯಗಳು ಮೈಯಲ್ಲಿರುವ ತನಕ ಆ ಲಸಿಕೆ ನಾಟುವುದಿಲ್ಲ.

ಮನೆಗೆ ಬಂದ ಮರುವಾರ, ಜನವರಿ ಕೊನೆಯಾಗುವ ಹೊತ್ತಿಗೆ, ಮಗುವಿನ ಬೆರಳ ತುದಿಗಳಲ್ಲಿ ಉಗುರಿನ ಅಂಚಿನಿಂದ ಚರ್ಮ ಬೆಳ್ಳುಳ್ಳಿಯ ಸಿಪ್ಪೆಯಂತೆ ಸುಲಿಯತೊಡಗಿತು. ಹೀಗಾಗುವುದೆಂದು ಮೊದಲೇ ಹೇಳಿದ್ದರಿಂದ ಯಾರೂ ಹೆದರಲಿಲ್ಲ. ಪುಸ್ತಕಗಳಲ್ಲಿ ಈ ರೋಗದ ಎಲ್ಲಕ್ಕಿಂತ ಪ್ರಸಿದ್ಧವಾದ ಚಿತ್ರ ಇದೇ. ದುರದೃಷ್ಟವೆಂದರೆ ಅದು ಕಾಣುವುದು ಎರಡು ಮೂರನೆಯ ವಾರದಲ್ಲಿ, ಹತ್ತು ದಿನಗಳ ಗಡುವು ಕಳೆದ ಮೇಲೆ. ಜ್ವರ ತಾನಾಗಿಯೇ ಇಳಿದಿರುತ್ತದೆ, ಮಗು ಆಡುತ್ತಿರುತ್ತದೆ, ತಾಯಿ ಸಿಪ್ಪೆ ಸುಲಿದ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಾಳೆ. ಪಂಚಾಂಗದ ಲೆಕ್ಕದಲ್ಲಿ ತಡವಾಗಿದ್ದರೂ ಆಗಲಾದರೂ ಹೃದಯದ ಪರೀಕ್ಷೆ ಮಾಡಿಸುವುದು ವ್ಯರ್ಥವಲ್ಲ.

ಅಜ್ಜಿ ಮಾರಮ್ಮನಿಗೆ ಹೊತ್ತಿದ್ದ ಹರಕೆಯನ್ನು ಮರೆತಿರಲಿಲ್ಲ. ಒಂದು ಮಂಗಳವಾರ ತಂಬಿಟ್ಟಿನ ಆರತಿ ಮಾಡಿಕೊಂಡು ಹೊರಟಾಗ ಸೊಸೆ ನಗುತ್ತ, "ಅಮ್ಮ ಅಲ್ಲ ಅಂತ ನೀವೇ ಹೇಳಿದ್ದಿರಲ್ಲ ಅತ್ತೆ?" ಎಂದಳು.

"ರೋಗ ಅವಳದ್ದಲ್ಲದಿರಬಹುದು. ಹರಕೆ ನಂದೇ ಅಲ್ಲವೇ? ಬಾ, ಚೊಂಬು ಹಿಡಿದುಕೋ."

ಎರಡನೆಯ ವಾರದ ಚಿತ್ರದಲ್ಲಿ ನಾಳ ಇದ್ದ ಹಾಗೇ ಇತ್ತು. ಆರನೆಯ ವಾರದ್ದು ಮಾರ್ಚಿ ಮೊದಲ ವಾರಕ್ಕೆ ಬಿತ್ತು. ಕತ್ತಲೆಯ ಕೋಣೆಯಲ್ಲಿ ಮಗುವಿನ ಎದೆಗೆ ಅಂಟು ಹಚ್ಚಿ ಯಂತ್ರದ ತುದಿಯನ್ನಾಡಿಸುತ್ತ ವೈದ್ಯರು ಅಳೆದರು, ಇನ್ನೊಮ್ಮೆ ಅಳೆದರು. ಹಿರಿಯರು ಹೊರಗಿನ ಬೆಂಚಿನಲ್ಲಿ ಕುಳಿತು ಮಡಿಸಿದ ಪತ್ರಿಕೆಯ ಒಂದೇ ಪುಟವನ್ನು ನೋಡುತ್ತಿದ್ದರು. ಬಾಗಿಲು ತೆರೆದು ಬಂದ ಮಗ ಮಾತನಾಡದೆ ತಲೆಯಾಡಿಸಿದ. ನಾಳ ತನ್ನ ಅಳತೆಗೆ ಮರಳಿತ್ತು. ಇನ್ನೆರಡು ವಾರಕ್ಕೆ ಆಸ್ಪಿರಿನ್ ನಿಂತಿತು. ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಬಂದು ತೋರಿಸಿಹೋಗಿ ಎಂದರು.

ಶಿವರಾತ್ರಿಯ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಇನ್ನೊಂದು ಬಿತ್ತು. ಮಗುವಿನ ಹತ್ತೂ ಬೆರಳ ಉಗುರುಗಳಲ್ಲಿ, ಒಂದೇ ಎತ್ತರದಲ್ಲಿ, ಅಡ್ಡಲಾಗಿ ಒಂದೊಂದು ಸಣ್ಣ ಗೀರು. ಜ್ವರದ ಆ ವಾರ ಉಗುರು ಬೆಳೆಯುವುದನ್ನೇ ಮರೆತು ನಿಂತಿದ್ದ ಗುರುತು ಅದು. ವೈದ್ಯೆಗೆ ಫೋನಿನಲ್ಲಿ ತೋರಿಸಿದಾಗ, ಹೆದರಬೇಡಿ, ಬೆಳೆದುಹೋಗುತ್ತದೆ, ಎಂದಳು. ವಾರ ವಾರಕ್ಕೂ ಆ ಗೀರು ತುದಿಯ ಕಡೆಗೆ ಸರಿಯುತ್ತಿತ್ತು.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು. ಅಜ್ಜಿ ಮಣೆಯ ಮೇಲೆ ಕಾಲು ನೀಡಿ ಕುಳಿತು, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ, ಎದೆಗೆ, ಕೈಕಾಲಿಗೆ ಹರಳೆಣ್ಣೆ ತೀಡಿದಳು. ಎಡತೋಳಿಗೆ ಬಂದಾಗ ಹೆಬ್ಬೆರಳು ಒಂದು ಕ್ಷಣ ನಿಂತು ಒತ್ತಿ ನೋಡಿತು. ಅಕ್ಕಿಕಾಳಿನಷ್ಟು ಕುಳಿ, ಬೆಚ್ಚಗಿಲ್ಲ, ಉಬ್ಬಿಲ್ಲ. ಉಗುರು ಮಾತ್ರ ಹಬ್ಬದ ದಿನ ತೆಗೆಯಬಾರದೆಂದು ಮರುದಿನಕ್ಕೆ ಬಿಟ್ಟಳು.